ಪೊಟ್ಟಣದ ಮೇಲಿನ ತಾರೀಖು

ಸೇವೆಯಲ್ಲಿದ್ದಾಗ ಸಿಮೆಂಟ್ ಚೀಲ ಬಂದರೆ ನಾನು ಮೊದಲು ನೋಡುತ್ತಿದ್ದುದು ಅದು ತಯಾರಾದ ವಾರವನ್ನು. ಮೂರು ತಿಂಗಳು ದಾಟಿದ್ದರೆ ಮರುಪರೀಕ್ಷೆ ಆಗಲೇಬೇಕು. ನಿವೃತ್ತನಾದ ಮೇಲೆ ಊರಿನ ಹೊಲಕ್ಕೆ ರೈಜೋಬಿಯಂ ಕೊಂಡಾಗ ಮಾತ್ರ ಆ ಅಭ್ಯಾಸ ಮರೆತೆ. ತಗಡಿನ ಚಾವಣಿಯ ಅಂಗಡಿಯಿಂದ ತಂದ ಪೊಟ್ಟಣವನ್ನು ಬೆಲ್ಲದ ನೀರಿನಲ್ಲಿ ಕಲಸಿ, ತೊಗರಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿದೆವು. ತಿಂಗಳ ಮೇಲೆ ಗಿಡ ಕಿತ್ತು ನೋಡಿದರೆ, ಬೇರಿನ ಗಂಟುಗಳು ಏನೂ ಹಚ್ಚದ ಪಕ್ಕದ ಹೊಲದ ಗಿಡಕ್ಕಿಂತ ಒಂದೂ ಹೆಚ್ಚಿಲ್ಲ. ಖಾಲಿ ಪೊಟ್ಟಣ ಹುಡುಕಿದೆ. ಅವಧಿ ಮುಗಿದು ಐದು ತಿಂಗಳಾಗಿತ್ತು! ತಮ್ಮ ನಕ್ಕ: "ನೀನು ಇಂಜಿನಿಯರು ಬೇರೆ."

ಊರಿನಲ್ಲಿ "ಜೈವಿಕ ಗೊಬ್ಬರವೆಲ್ಲ ಮೋಸ" ಎಂಬ ಮಾತು ಹುಟ್ಟುವುದು ಹೀಗೆಯೇ. ಅದು ಯೂರಿಯಾದಂತೆ ಗೋದಾಮಿನಲ್ಲಿ ಬಿದ್ದಿರುವ ಸರಕಲ್ಲ, ಜೀವ. 2006ರಲ್ಲಿ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದ ಮಾನದಂಡದಂತೆ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಬಿಸಿಲಿಗೆ ಅವು ಸಾಯುತ್ತವೆ. ಬದುಕಿದ್ದರೆ ಬೇರಿನಿಂದ ಸಕ್ಕರೆ ಪಡೆದು, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತವೆ. ಗಂಟನ್ನು ಉಗುರಿನಲ್ಲಿ ಸೀಳಿ ನೋಡಿ: ಒಳಗೆ ನಸುಗೆಂಪಿದ್ದರೆ ಕಾಯಕ ನಡೆಯುತ್ತಿದೆ ಎಂದರ್ಥ.

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲೇ ಜಿಕೆವಿಕೆ ಇದೆ. ಬೇರಿನೊಂದಿಗೆ ಬಾಳುವ ಮೈಕೋರೈಜಾ ಶಿಲೀಂಧ್ರದ ಮೇಲೆ ಡಾ. ಡಿ.ಜೆ. ಬಾಗ್ಯರಾಜ್ ಅವರು ದಶಕಗಳ ಕಾಲ ಸಂಶೋಧನೆ ನಡೆಸಿದ್ದು ಅಲ್ಲಿಯೇ. ನಮ್ಮ ಕೆಂಪು ಮಣ್ಣು ರಂಜಕವನ್ನು ಕಬ್ಬಿಣದೊಂದಿಗೆ ಬಂಧಿಸಿಡುತ್ತದೆ. ಬೇರು ತಲುಪದ ಸಂದಿನಿಂದ ಅದನ್ನು ಎಳೆದು ತರುವುದು ಈ ಶಿಲೀಂಧ್ರದ ಎಳೆಗಳು. ಇಷ್ಟು ವಿದ್ಯೆ ಪಕ್ಕದಲ್ಲಿದ್ದೂ ದೇವನಹಳ್ಳಿ, ದೊಡ್ಡಬಳ್ಳಾಪುರದ ರೈತನಿಗೆ ಸತ್ತ ಪುಡಿ ಸಿಕ್ಕರೆ ತಪ್ಪು ವಿಜ್ಞಾನದ್ದಲ್ಲ, ಸಾಗಣೆಯದು.

ಇನ್ನೊಂದು ವಿಚಿತ್ರ ನೋಡಿ. ನವೆಂಬರಿನ ಕೃಷಿ ಮೇಳಕ್ಕೆ ಹೋದ ಉತ್ಸಾಹದಲ್ಲಿ ಪೊಟ್ಟಣ ಕೊಳ್ಳುತ್ತೇವೆ, ಬಿತ್ತುವುದು ಜೂನ್‌ನಲ್ಲಿ. ಪುಡಿಯ ಆಯಸ್ಸು ಸಾಮಾನ್ಯವಾಗಿ ಆರೇ ತಿಂಗಳು!

ಜಮೀನಿರುವ ಮಠಗಳಿಗೆ ನನ್ನ ಬಿನ್ನಹ ಇದು. ಮೇ ಕೊನೆಗೆ ಸುತ್ತಲಿನ ರೈತರ ಬೇಡಿಕೆ ಒಟ್ಟುಗೂಡಿಸಿ, ಹೊಸ ತಯಾರಿಕೆಯನ್ನು ಒಟ್ಟಿಗೇ ತರಿಸಿ, ತಂಪಾದ ಕೋಣೆಯಲ್ಲಿಟ್ಟು, ವಾರದೊಳಗೆ ಹಂಚಲಿ. ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಒಯ್ಯುವುದು ಬೇಡ, ತಾರೀಖು ಓದಿಸಿಯೇ ಕೊಡಬೇಕು. ರಾಸಾಯನಿಕ ಗೊಬ್ಬರದೊಂದಿಗೆ ಬೆರೆಸಬಾರದೆಂದೂ ಹೇಳಬೇಕು. ಕೊಟ್ಟಿಗೆ ಗೊಬ್ಬರವಿಲ್ಲದ ಬರಡು ಮಣ್ಣಿನಲ್ಲಿ ಈ ಜೀವಿಗಳು ಪವಾಡ ಮಾಡುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು.

ಈ ಮುಂಗಾರಿಗೆ ನಮ್ಮ ರಾಗಿಯ ನಡುವೆ ತೊಗರಿ ಅಕ್ಕಡಿ ಸಾಲು ಹಾಕುತ್ತೇವೆ. ನಾಲ್ಕು ಸಾಲಿಗೆ ಏನೂ ಹಚ್ಚುವುದಿಲ್ಲ. ತಮ್ಮನ ಷರತ್ತು ಅದು, ನಾನೂ ಒಪ್ಪಿದ್ದೇನೆ.