ಸಂತೆಯ ರೊಕ್ಕ ಸಂತೆಗೇ ಬರಲಿ

ಇಂಗಳೇಶ್ವರದ ಸುತ್ತಲಿನ ಹಳ್ಳಿಗಳಿಗೆ ಪೇಟೆ ಅಂದ್ರೆ ಬಸವನ ಬಾಗೇವಾಡಿ. ಬೀಜ, ಗೊಬ್ಬರ, ಮದುವೆ ಜವಳಿ, ತಹಶೀಲ್ದಾರ್ ಕಚೇರಿ ಕೆಲಸ, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು.

12ನೇ ಶತಮಾನದಲ್ಲಿ ಬಾಗೇವಾಡಿ ಒಂದು ಅಗ್ರಹಾರ. ಬಸವಣ್ಣನವರು ಹುಟ್ಟಿದ ಊರು. ಅವರ ತಾಯಿ ಮಾದಲಾಂಬಿಕೆಯ ತವರು ನಮ್ಮ ಇಂಗಳೇಶ್ವರ ಎಂಬ ನಂಬಿಕೆ ಇದೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಸಂತೆಯ ಸುಂಕವನ್ನು ಗುಡಿಗೆ, ಧರ್ಮಕಾರ್ಯಕ್ಕೆ ಬಿಟ್ಟುಕೊಟ್ಟ ದಾನಗಳು ಸಿಗುತ್ತವೆ. ಅಂದರೆ ಸಂತೆ ಬರೀ ಕೊಡು-ಕೊಳ್ಳುವ ಜಾಗ ಆಗಿರಲಿಲ್ಲ. ಅದರ ಆದಾಯ ಊರಿನ ಕೆಲಸಕ್ಕೆ ತಿರುಗಿ ಬರುತ್ತಿತ್ತು.

ದೂರದ ಇಂಗ್ಲೆಂಡಿನಲ್ಲೂ ಸಂತೆ ನಡೆಸಲು ರಾಜನ ಸನ್ನದು ಬೇಕಿತ್ತು. ಒಂದು ಸಂತೆಯಿಂದ ಸುಮಾರು 10 ಕಿ.ಮೀ. ಒಳಗೆ ಇನ್ನೊಂದು ಹೊಸ ಸಂತೆ ಇರಬಾರದು ಎಂದು 13ನೇ ಶತಮಾನದ ಅಲ್ಲಿನ ಕಾನೂನು ಗ್ರಂಥ ಹೇಳುತ್ತದೆ. ಕಾರಣ ನಮ್ಮ ಅಜ್ಜಿಯರಿಗೂ ಅರ್ಥವಾಗುವಂಥದ್ದು: ದಿನದ ಒಂದು ಪಾಲು ಹೋಗಲು, ಒಂದು ಪಾಲು ವ್ಯಾಪಾರಕ್ಕೆ, ಒಂದು ಪಾಲು ಕತ್ತಲಾಗುವುದರೊಳಗೆ ಮನೆ ಸೇರಲು. ತಲೆಮೇಲೆ ಬುಟ್ಟಿ ಹೊತ್ತು ನಡೆದವರನ್ನು ನೆನೆದು ಮಾಡಿದ ಲೆಕ್ಕ ಅದು.

ಇವತ್ತು ಆ ಲೆಕ್ಕ ಯಾರು ಇಡುತ್ತಾರೆ? ನಮ್ಮ ಕಡೆಯ ಎಷ್ಟೋ ಸಂತೆಗಳಲ್ಲಿ ಕರ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹಿಡಿದವನು ಬುಟ್ಟಿಗಿಷ್ಟು, ಚೀಲಕ್ಕಿಷ್ಟು ಎಂದು ಕೇಳುತ್ತಾನೆ. ಪುಂಡಿಪಲ್ಲೆ, ಮೆಂತೆ ಹರಡಿ ಕುಂತ ಅವ್ವ ಇನ್ನೂ ಬೋಣಿ ಆಗುವ ಮೊದಲೇ ರೊಕ್ಕ ಕೊಡಬೇಕು. ಅನೇಕ ಸಲ ಪಾವತಿ ಇಲ್ಲ, ದರದ ಬೋರ್ಡೂ ಇಲ್ಲ. ಬಿಸಿಲಿಗೆ ಸೀರೆಯ ಸೆರಗೇ ನೆರಳು. ಶೌಚಾಲಯ ಇಲ್ಲ ಎಂದು ಮುಂಜಾನೆಯಿಂದ ನೀರೇ ಕುಡಿಯದೆ ಕೂಡುವ ಹೆಣ್ಣುಮಕ್ಕಳಿದ್ದಾರೆ.

ಕಾನೂನು ಇಲ್ಲ ಅನ್ನುವಂತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣಗಳಿಗೆ ಅನ್ವಯಿಸುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. 50 ವರ್ಷಕ್ಕೂ ಹಳೆಯ ಸಂತೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಿ, ಅಲ್ಲಿನ ವ್ಯಾಪಾರಿಗಳನ್ನು ಎಬ್ಬಿಸದೆ ಉಳಿಸಬೇಕು ಎಂಬ ಮಾತೂ ಅದರಲ್ಲಿದೆ. ಹಳ್ಳಿಯ ಸಂತೆಗೆ ಗ್ರಾಮ ಪಂಚಾಯಿತಿ ಹೊಣೆ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳೋಣ: ಸಂತೆ ಹರಾಜಿನಿಂದ ಈ ವರ್ಷ ಎಷ್ಟು ಬಂತು? ಅದರಲ್ಲಿ ಸಂತೆ ಮೈದಾನಕ್ಕೆ ಎಷ್ಟು ಖರ್ಚಾಯಿತು? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು.

ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಶಿಲಾಮಂಟಪ ಕಟ್ಟಿದ್ದಾರೆ. ನೋಡಲು ದೂರದಿಂದ ಜನ ಬರುತ್ತಾರೆ, ಹೆಮ್ಮೆಯ ವಿಷಯವೇ. ಆದರೆ ಆ ವಚನಗಳು ಹೇಳುವ ಕಾಯಕ ಬಿಸಿಲಲ್ಲಿ ಪಲ್ಲೆ ಮಾರುವ ಅವ್ವನದೂ ಹೌದು. ಅವಳ ತಲೆಮೇಲೆ ನಾಲ್ಕು ತಗಡು ಹಾಕಿಸೋಣ, ಕುಡಿಯಲು ನೀರು ಕೊಡಿಸೋಣ. ಅವಳೇ ಕಟ್ಟಿದ ಕರದಿಂದ.