ಕಲ್ಲಿನ ಕಥೆ ಹೇಳುವವರು ನಾವೇ ಯಾಕಾಗಬಾರದು?

‘ಅಣ್ಣಾ, ಈ ಕಲ್ಲೆಲ್ಲಾ ಯಾರ್ ಕೆತ್ಯಾರ?’

ಹುಬ್ಬಳ್ಳಿ ಕಡೆಯಿಂದ ಬಂದಿದ್ದ ಹತ್ತು ವರ್ಷದ ಹುಡುಗನೊಬ್ಬ ಸೇಂಟ್ ಮೇರೀಸ್ ದ್ವೀಪದಲ್ಲಿ ನನ್ನನ್ನು ಹೀಗೆ ಕೇಳಿದಾಗ, ನಾನು ಅದೇ ಕಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಯುತ್ತಿದ್ದೆ. ‘ಯಾರೂ ಕೆತ್ತಿದ್ದಲ್ಲ, ಅದು ಇರುವುದೇ ಹಾಗೆ’ ಎಂದೆ. ‘ನೀವು ಇಲ್ಲಿಯವರೇ ಏನ್ರಿ?’ ಎಂದು ಅವನ ತಾಯಿ ಕೇಳಿದರು. ಹೌದೆನ್ನಲು ನಾಚಿಕೆಯಾಯಿತು. ನಮ್ಮ ಎಲ್ಲೂರಿನಿಂದ ಉಚ್ಚಿಲಕ್ಕೆ ಬಂದು ಬಸ್ ಹತ್ತಿದರೆ ಉಡುಪಿ, ಅಲ್ಲಿಂದ ಮಲ್ಪೆ, ಆಮೇಲೆ ಬೋಟು. ಅದು ಆ ದ್ವೀಪಕ್ಕೆ ನನ್ನ ನಾಲ್ಕನೇ ಭೇಟಿ. ನಾಲ್ಕು ಸಲವೂ ಫೋಟೊ ತಂದಿದ್ದೆನೇ ಹೊರತು ಕಲ್ಲನ್ನು ನೋಡಿರಲಿಲ್ಲ.

ಮನೆಗೆ ಬಂದು ಓದಿದೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಮತ್ತು ಭಾರತ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾವೇ ಈ ಕಲ್ಲು. ಬಹಳ ಮಂದಿ ಇದನ್ನು ಬಸಾಲ್ಟ್ ಎನ್ನುತ್ತಾರೆ. ಆದರೆ ಭೂವಿಜ್ಞಾನಿಗಳ ಪ್ರಕಾರ ಇದು ರಯೊಲೈಟ್, ಡೇಸೈಟ್ ಬಗೆಯ ಶಿಲೆ. ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲಿಗಿಂತ ಎರಡು ಕೋಟಿ ವರ್ಷಕ್ಕೂ ಹೆಚ್ಚು ಹಳೆಯದು.

ಹಾಗಾದರೆ ಕಂಬಗಳಾದದ್ದು ಹೇಗೆ? ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರುಕು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಲಾವಾ ತಣ್ಣಗಾಗುವಾಗಲೂ ಹಾಗೆಯೇ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕು ತಣ್ಣಗಾಗುತ್ತಾ ಒಳಗೊಳಗೆ ಇಳಿಯುತ್ತದೆ. ಹಾಗಾಗಿ ಐದು, ಆರು, ಏಳು ಮುಖಗಳ ಕಂಬಗಳು ಒತ್ತೊತ್ತಾಗಿ ನಿಂತುಬಿಡುತ್ತವೆ. ಆ ಹುಡುಗನಿಗೆ ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಚಿತ್ರದುರ್ಗದ ಮರಡಿಹಳ್ಳಿಯ ದಿಂಬು ಲಾವಾಕ್ಕೂ ಇದೇ ಮಾನ್ಯತೆಯಿದೆ. ಉತ್ತರ ಐರ್ಲೆಂಡ್‌ನಲ್ಲಿ ಇಂಥದೇ ಕಂಬಗಳಿರುವ ‘ಜೈಂಟ್ಸ್ ಕಾಸ್‌ವೇ’ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಪ್ರವಾಸಿಗರಿಗೆ ಕಲ್ಲಿನ ಕಥೆ ಹೇಳುವ ಕೇಂದ್ರವೇ ಇದೆ. ನಾನು ಹೋದ ನಾಲ್ಕು ಸಲವೂ ಬೋಟಿನಲ್ಲಿ ಕೇಳಿಸಿದ್ದು ಸಿನಿಮಾ ಹಾಡು, ಇಳಿಯುವಾಗ ಕೇಳಿಸಿದ್ದು ‘ಬೇಗ ಬೇಗ ಇಳಿಯಿರಿ’.

ನನ್ನ ಮಾತು ಇಷ್ಟೇ. ದ್ವೀಪಕ್ಕೆ ಹೋಗುವ ಪ್ರತಿ ಬೋಟಿನಲ್ಲೂ ಕಲ್ಲಿನ ಕಥೆ ಹೇಳಬಲ್ಲ ಒಬ್ಬರು ಇರಬೇಕು. ಅವರು ನಮ್ಮೂರ ಯುವಕ ಯುವತಿಯರೇ ಆಗಿರಬೇಕು.

‘ಮಜಾ ಮಾಡಲು ಬಂದವರಿಗೆ ಭೂಗೋಳದ ಪಾಠ ಯಾಕೆ ಮಾರಾಯ?’ ಎಂದು ನನ್ನ ಗೆಳೆಯ ನಕ್ಕ. ಅವನ ಪ್ರಶ್ನೆ ಸುಳ್ಳಲ್ಲ. ಆದರೆ ಯಾರೂ ಗಂಟೆಗಟ್ಟಲೆ ಪಾಠ ಮಾಡಬೇಕಿಲ್ಲ. ಬೋಟು ದಡ ಸೇರುವಷ್ಟರಲ್ಲಿ ಹತ್ತು ನಿಮಿಷ ಮಾತಾಡಿದರೆ ಸಾಕು. ಹಾಡು ಬರುವಾಗ ಕೇಳಿಕೊಳ್ಳಬಹುದು.

ಇನ್ನೊಂದು ಕಾರಣ ಮಜಾಕ್ಕಿಂತ ದೊಡ್ಡದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ನಮ್ಮದೇ ವಯಸ್ಸಿನವರು. ಈ ಕಂಬಗಳು ದೂರಕ್ಕೆ ಮೆಟ್ಟಿಲಿನಂತೆ ಕಾಣುತ್ತವೆ. ಆದರೆ ಅವು ಕಾಲಿಡಲೆಂದು ಕಟ್ಟಿದ ಮೆಟ್ಟಿಲುಗಳಲ್ಲ. ಒಂದೊಂದು ಒಂದೊಂದು ಎತ್ತರ, ನಡುವೆ ಸಂದು, ನೀರು ತಾಗುವಲ್ಲಿ ಪಾಚಿ. ಕಲ್ಲು ಹೇಗೆ ಹುಟ್ಟಿತೆಂದು ಗೊತ್ತಾದವನಿಗೆ ಅದು ಎಲ್ಲಿ ಜಾರುತ್ತದೆ ಎಂಬುದೂ ಅರ್ಥವಾಗುತ್ತದೆ. ‘ಅಪಾಯ’ ಎಂಬ ಬೋರ್ಡನ್ನು ನಾವು ಓದುವುದಿಲ್ಲ. ಆದರೆ ಎದುರು ನಿಂತು ಒಬ್ಬರು ವಿವರಿಸಿ, ‘ಅಲ್ಲಿಗೆ ಹೋಗಬೇಡಿ ಮಾರ್ರೆ’ ಎಂದರೆ ಕೇಳುತ್ತೇವೆ.

ಇನ್ನು ಕೆಲಸದ ವಿಷಯ. ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತಾ ಕೂತ ನಮ್ಮಂಥವರು ಈ ಕರಾವಳಿಯಲ್ಲಿ ಕಡಿಮೆಯಿಲ್ಲ. ತುಳು, ಕನ್ನಡ, ಹಿಂದಿ, ಇಂಗ್ಲಿಷ್ ನಮಗೆ ಸಲೀಸು. ಕೆಲವರಿಗೆ ಕೊಂಕಣಿ, ಮಲಯಾಳವೂ ಬರುತ್ತದೆ. ಇದನ್ನು ಬಯೋಡೇಟಾದ ಕೊನೆಯ ಸಾಲಿನಲ್ಲಿ ಬರೆದು ಮರೆಯುತ್ತೇವೆ. ಗೈಡ್ ಕೆಲಸಕ್ಕೆ ಬೇಕಾದ ಮೊದಲ ಬಂಡವಾಳವೇ ಅದು. ಪ್ರವಾಸೋದ್ಯಮ ಇಲಾಖೆ ಕಾಲೇಜುಗಳ ಜೊತೆ ಸೇರಿ, ಭೂವಿಜ್ಞಾನ ಬಲ್ಲವರಿಂದ ಪಾಠವನ್ನೂ ಜೀವರಕ್ಷಕರಿಂದ ತರಬೇತಿಯನ್ನೂ ಕೊಡಿಸಿ ಗುರುತಿನ ಚೀಟಿ ಕೊಡಲಿ. ಸಂಬಳವನ್ನು ಬೋಟಿನ ಟಿಕೆಟ್‌ನಲ್ಲೇ ಸ್ವಲ್ಪ ಸೇರಿಸಬಹುದು.

ಮಳೆಗಾಲದಲ್ಲಿ ಬೋಟು ನಿಲ್ಲುತ್ತದೆ, ಆಗ ಸಂಬಳವೂ ಇಲ್ಲ. ಇದೊಂದೇ ಕೆಲಸದಲ್ಲಿ ಮನೆ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿ ಕಲಿತದ್ದು ಬೇರೆಡೆಗೂ ಆಗುತ್ತದೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಕಾಪು ದೀಪಸ್ತಂಭ ನಮ್ಮ ಪಕ್ಕದಲ್ಲೇ ಇದೆ. ಸಾಲಿಗ್ರಾಮದ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಕಯಾಕ್ ಹುಟ್ಟು ಹಾಕಲು ಜನ ಬರುತ್ತಿದ್ದಾರೆ. ಕಾರ್ಕಳದಲ್ಲಿ ಗೊಮ್ಮಟ ನಿಂತಿರುವುದೂ ಬಂಡೆಯ ಮೇಲೆಯೇ. ಕಥೆ ಹೇಳಬಲ್ಲವನಿಗೆ ಜಾಗಕ್ಕೇನೂ ಬರವಿಲ್ಲ.

ಇಲಾಖೆ ಮಾಡುವವರೆಗೆ ಕಾಯಬೇಕೆಂದೂ ಇಲ್ಲ. ಮುಂದಿನ ಸಲ ದ್ವೀಪಕ್ಕೆ ಹೋಗುವ ಮುನ್ನ ಅರ್ಧ ಗಂಟೆ ಓದಿಕೊಂಡು ಹೋಗೋಣ. ಇಳಿದ ಮೇಲೆ ಮೊದಲ ಹತ್ತು ನಿಮಿಷ ಮೊಬೈಲ್ ಕಿಸೆಯಲ್ಲೇ ಇರಲಿ. ‘ಯಾರು ಕೆತ್ತಿದ್ದು?’ ಎಂದು ಇನ್ನೊಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ಆಗ, ‘ಬಾ ತಮ್ಮಾ, ಇಲ್ಲಿ ಕೂತುಕೋ, ಹೇಳ್ತೇನೆ’ ಎನ್ನಲು ನಮಗೆ ಬರಬೇಕು.