ಚಕ್ಕುಬಂದಿಯೂ ಉಪಗ್ರಹವೂ

ಹಳೆಯ ಕ್ರಯಪತ್ರಗಳನ್ನು ಬಿಡಿಸಿ ನೋಡಿದವರಿಗೆ ಚಕ್ಕುಬಂದಿಯ ಒಕ್ಕಣೆ ಪರಿಚಿತ. ಪೂರ್ವಕ್ಕೆ ಇಂಥವರ ಅಡಿಕೆ ತೋಟ, ಪಶ್ಚಿಮಕ್ಕೆ ಹರಿಯುವ ಹಳ್ಳ, ಉತ್ತರಕ್ಕೆ ಕಾನಿನ ಅಗಳ, ದಕ್ಷಿಣಕ್ಕೆ ಗಾಡಿದಾರಿ. ಅಂಕಿಗಳಿಲ್ಲದ ಈ ಬರಹವನ್ನು ನಂಬಿ ಮಲೆನಾಡಿನ ತಲೆಮಾರುಗಳು ಬದುಕಿವೆ. ಊರಿನಲ್ಲಿ ಹುಟ್ಟಿ ಬೆಳೆದವನು ಇದನ್ನು ಹಿಡಿದು ಇಡೀ ಗಡಿಯನ್ನು ಸುತ್ತಿ ಬರಬಲ್ಲ. ಆದರೆ ಹಳ್ಳ ಪಾತ್ರ ಬದಲಿಸಿದಾಗ, ಗಾಡಿದಾರಿಯ ಮೇಲೆ ಮಟ್ಟಿ ಬೆಳೆದಾಗ, ಅಗಳವನ್ನು ಗುರುತಿಸಬಲ್ಲ ಕೊನೆಯ ಹಿರಿಯರೂ ತೀರಿಕೊಂಡಾಗ ಅದೇ ಪತ್ರ ಯಾವ ಪ್ರಶ್ನೆಗೂ ಉತ್ತರಿಸದ ಕಾಗದವಾಗಿಬಿಡುತ್ತದೆ.

ಈಗ ಊರಿಗೆ ಬರುವವರ ಕೈಯಲ್ಲಿ ಜಿಪಿಎಸ್ ಉಪಕರಣವಿರುತ್ತದೆ. ಅರಣ್ಯ ಹಕ್ಕಿನ ಅರ್ಜಿ, ಅತಿಕ್ರಮಣದ ತಕರಾರು, ರಸ್ತೆ ಅಥವಾ ವಿದ್ಯುತ್ ಮಾರ್ಗದ ಸಮೀಕ್ಷೆ, ಯಾವುದೇ ಇರಲಿ, ನೆಲವನ್ನು ಅಕ್ಷಾಂಶ ರೇಖಾಂಶಗಳ ಸಾಲಾಗಿ ಬರೆದುಕೊಂಡು ಹೋಗುವುದು ರೂಢಿಯಾಗಿದೆ. ‘ನಮ್ಮದಕ್ಕೆ ಜಿಪಿಎಸ್ ಆಯಿತು’, ‘ನಮ್ಮದಕ್ಕೆ ಆಗಲಿಲ್ಲ’ ಎಂಬ ಮಾತು ಜಗಲಿಯ ಹರಟೆಯಲ್ಲಿಯೂ ಕೇಳಿಬರುತ್ತದೆ. ಆ ಅಂಕಿಗಳು ಯಾವ ಕಡತ ಸೇರುತ್ತವೆ, ಎಷ್ಟು ಸರಿ ಇವೆ, ತಪ್ಪಿದ್ದರೆ ತಿದ್ದುವ ದಾರಿ ಯಾವುದು ಎಂಬ ಅರಿವು ಮಾತ್ರ ಬಹುಪಾಲು ಮನೆಗಳನ್ನು ತಲುಪಿಲ್ಲ. ಉಪಕರಣವು ಪರರ ಕೈಯಲ್ಲಿಯೇ ಉಳಿದಷ್ಟು ಕಾಲ ಊರಿನ ನಕ್ಷೆಯೂ ಪರರದೇ ಆಗಿರುತ್ತದೆ.

ಉಪಕರಣವೇನೂ ದುರ್ಲಭವಲ್ಲ. ನಡೆದ ದಾರಿಯನ್ನು ತಾನಾಗಿ ದಾಖಲಿಸುತ್ತ ಹೋಗುವ ಜಿಪಿಎಸ್ ಲಾಗರ್ ಬೆಂಕಿಪೊಟ್ಟಣದಷ್ಟು ಚಿಕ್ಕದಿರಬಹುದು. ಇಂದು ಬಹುತೇಕ ಮೊಬೈಲುಗಳು ಅದೇ ಕೆಲಸವನ್ನು ಮಾಡುತ್ತವೆ. ಇದಕ್ಕೆ ಮೊಬೈಲ್ ಗೋಪುರದ ಸಿಗ್ನಲ್ ಬೇಕೆಂಬುದು ತಪ್ಪು ತಿಳಿವಳಿಕೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕರಾರುವಾಕ್ಕಾದ ಸಮಯವನ್ನು ಸಾರುತ್ತಲೇ ಇರುತ್ತವೆ. ಕೆಳಗಿನ ಉಪಕರಣ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಆ ಸಂಕೇತ ನೆಲ ಮುಟ್ಟಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹೊತ್ತು ಹಿಡಿಯುತ್ತದೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಅವುಗಳ ದೂರವನ್ನು ಲೆಕ್ಕ ಹಾಕಿ ತಾನು ನಿಂತ ಜಾಗವನ್ನು ಉಪಕರಣ ಕಂಡುಕೊಳ್ಳುತ್ತದೆ. ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಮೊದಲು ಅಮೆರಿಕದ ಸೇನೆ ಜನಬಳಕೆಯ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ಈ ಸಾಧನ ರೈತನಿಗೂ ವಿದ್ಯಾರ್ಥಿಗೂ ಪ್ರಯೋಜನಕ್ಕೆ ಬಂದದ್ದು.

ಇಷ್ಟಾದರೂ ಅದು ದೈವವಾಣಿಯಲ್ಲ. ಬಯಲಿನಲ್ಲಿ, ಆಕಾಶ ತೆರೆದಿರುವಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರಿನಷ್ಟು ಆಚೀಚೆ ಆಗುತ್ತದೆ. ಮಲೆನಾಡಿನಲ್ಲಿ ಅಂಥ ಆಕಾಶ ಎಲ್ಲಿದೆ? ಒತ್ತಾದ ಕಾನಿನ ಚಪ್ಪರ, ಮಳೆಯಲ್ಲಿ ನೆಂದ ಎಲೆ, ಎರಡೂ ಬದಿಗೆ ಎದ್ದ ಗುಡ್ಡ, ಬಂಡೆಗೆ ಬಡಿದು ಬರುವ ಸಂಕೇತ ಇವೆಲ್ಲ ಸೇರಿ ತಪ್ಪು 10, 20 ಮೀಟರಿಗೆ, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಏರುತ್ತದೆ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ ಹತ್ತು ಮೀಟರಿನ ಚೌಕ. ಉಪಕರಣದ ಸಾಮಾನ್ಯ ತಪ್ಪೇ ಗುಂಟೆಯ ಒಂದು ಬದಿಯಷ್ಟಾಯಿತು.

ಈ ಲೆಕ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಒಂದು ಎಕರೆಯ ಚೌಕ ಜಮೀನಿನ ಗಡಿ ಎಲ್ಲ ಬದಿಗೂ 5 ಮೀಟರ್ ಒಳಕ್ಕೆ ಸರಿದಂತೆ ದಾಖಲಾದರೆ 40 ಗುಂಟೆಯಲ್ಲಿ ಹನ್ನೊಂದು ಗುಂಟೆಗೂ ಹೆಚ್ಚು ನೆಲ ಕಾಗದದಲ್ಲಿ ಮಾಯವಾಗುತ್ತದೆ. ಅಷ್ಟೇ ತಪ್ಪು 300 ಎಕರೆಯ ಕಾನಿನ ಗಡಿಯಲ್ಲಿ ಆದರೆ ಕಳೆದುಹೋಗುವುದು ಐದು ಎಕರೆಯ ಆಸುಪಾಸು, ನೂರಕ್ಕೆ ಎರಡರಷ್ಟೂ ಇಲ್ಲ. ಎಲ್ಲ ಬದಿಯೂ ಒಂದೇ ದಿಕ್ಕಿಗೆ ತಪ್ಪುವುದು ಅಪರೂಪವೆಂಬುದು ನಿಜ. ಆದರೂ ಬಡವನ ಅರ್ಧ ಎಕರೆಗೆ ಈ ಉಪಕರಣವೊಂದನ್ನೇ ಅಳತೆಗೋಲಾಗಿಸುವುದು ಅನ್ಯಾಯ. ಅಲ್ಲಿಗೆ ಟೇಪು, ಗಡಿಕಲ್ಲು, ನೆರೆಹೊರೆಯವರ ಒಪ್ಪಿಗೆ ಬೇಕು. ಊರೊಟ್ಟಿನ ಕಾಡು, ಹುಲ್ಲುಗಾವಲು, ಕಾಲುದಾರಿ, ನೀರಿನ ತಾಣಗಳನ್ನು ಗುರುತಿಸುವುದಕ್ಕೆ ಮಾತ್ರ ಇದಕ್ಕಿಂತ ಅಗ್ಗದ, ಅನುಕೂಲದ ಸಾಧನ ಇನ್ನೊಂದಿಲ್ಲ. ಸೊಪ್ಪಿನ ಬೆಟ್ಟ ಈ ಎರಡರ ನಡುವೆ ನಿಲ್ಲುತ್ತದೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಕ್ರಮವಿದ್ದರೂ ಯಾವ ಬೆಟ್ಟ ಎಲ್ಲಿ ಮುಗಿಯುತ್ತದೆ ಎಂಬುದು ಸೊಪ್ಪು ತರುವವರ ಕಾಲಿಗೇ ಹೆಚ್ಚು ಗೊತ್ತು.

ಕಾನೂನು ಕೂಡ ಉಪಕರಣಕ್ಕೆ ಸರ್ವಾಧಿಕಾರ ಕೊಟ್ಟಿಲ್ಲ. ಅರಣ್ಯ ಹಕ್ಕು ಕಾಯಿದೆ 2006ರಲ್ಲಿ ಬಂದು, 2008ರಲ್ಲಿ ಅದರ ನಿಯಮಗಳು ಹೊರಬಿದ್ದವು. ಗುರುತಿಸಬಹುದಾದ ನೆಲಗುರುತುಗಳನ್ನು ತೋರಿಸುವ ನಕ್ಷೆ ಸಿದ್ಧಪಡಿಸುವ ಹೊಣೆಯನ್ನು ಆ ನಿಯಮಗಳು ವಹಿಸಿದ್ದು ಊರಿನ ಅರಣ್ಯ ಹಕ್ಕು ಸಮಿತಿಗೆ. ಉಪಗ್ರಹ ಚಿತ್ರ ಮತ್ತಿತರ ತಂತ್ರಜ್ಞಾನ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಬದಲಿಗೆ ನಿಲ್ಲುವಂತಿಲ್ಲವೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸಮಾಧಿ, ದೇವರ ಬನ ಇವೂ ಸಾಕ್ಷ್ಯಗಳೇ. ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣಿಸಲಿಲ್ಲವೆಂಬ ಒಂದೇ ಮಾತಿಗೆ ಅರ್ಜಿದಾರ ತಲೆತಗ್ಗಿಸಿ ಮನೆಗೆ ಮರಳಬೇಕಾಗಿಲ್ಲ.

ನಕ್ಷೆ ಊರಿನ ಕಾಲಿನಿಂದ ಹುಟ್ಟಿದಾಗ ಏನಾಗಬಹುದು ಎಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಉದಾಹರಣೆಯಾಗಿದೆ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಸೋಲಿಗರು ಕಾಡಿನೊಳಗಿನ ನೆಲೆಗಳನ್ನು ಬಿಟ್ಟು ಪೋಡುಗಳಿಗೆ ಬಂದು ನೆಲೆಸಬೇಕಾಯಿತು. ಕಾಡಿನ ಹೆಸರುಗಳು ಮಾತ್ರ ಹಿರಿಯರ ನಾಲಗೆಯಲ್ಲಿ ಉಳಿದಿದ್ದವು. ಪ್ರತಿ ಕುಲಕ್ಕೂ ತನ್ನದೇ ಆದ ಎಲ್ಲೆ; ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು. ಸೋಲಿಗರ ಸಂಘಟನೆಯೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಕೂಡಿ ಹಿರಿಯರ ಹಿಂದೆ ನಡೆದು ಅಂಥ ನೂರಾರು ತಾಣಗಳನ್ನು ಜಿಪಿಎಸ್ ಹಿಡಿದು ದಾಖಲಿಸಿದರು. ಮರಗಿಡವಷ್ಟೇ ಇರುವ ಹಸಿರು ಎಂದು ಕಾಗದದಲ್ಲಿ ಕಾಣುತ್ತಿದ್ದ ಕಾಡು ಹೆಸರುಗಳಿಂದ ತುಂಬಿಹೋಯಿತು. 2011ರ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ದೊರೆಯಿತು. ಹಕ್ಕನ್ನು ತಂದುಕೊಟ್ಟದ್ದು ನಕ್ಷೆಯೊಂದೇ ಅಲ್ಲ, ಹೋರಾಟ. ಆದರೆ ‘ಇಲ್ಲಿ ಯಾರೂ ಇರಲಿಲ್ಲ’ ಎಂಬ ವಾದಕ್ಕೆ ಆ ನಕ್ಷೆಯ ಮುಂದೆ ನಿಲ್ಲಲು ಜಾಗವಿರಲಿಲ್ಲ.

ಪಶ್ಚಿಮ ಘಟ್ಟದ ಇತರ ಊರುಗಳಿಗೆ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಬಂದಿದೆ. 2013ರಲ್ಲಿ ವರದಿ ಕೊಟ್ಟ ಕಸ್ತೂರಿರಂಗನ್ ಸಮಿತಿ, ಉಪಗ್ರಹ ಚಿತ್ರಗಳ ಆಧಾರದಿಂದ ನೂರಕ್ಕೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ಭೂಭಾಗವಿರುವ ಗ್ರಾಮಗಳನ್ನು ಗುರುತಿಸಿತು. ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಹೊರಬಿದ್ದು 2024ರ ಜುಲೈಯಲ್ಲಿ ಆರನೆಯ ಬಾರಿ ಪ್ರಕಟವಾಯಿತು. ಆ ಚಿತ್ರಗಳ ಒಂದೊಂದು ಚುಕ್ಕೆ 24 ಮೀಟರಿನ ಚೌಕ, ಅಂದರೆ ಐದೂವರೆ ಗುಂಟೆಗೂ ಮಿಕ್ಕ ನೆಲ. ತೋಟವನ್ನೂ ಕಾಡೆಂದು ಎಣಿಸಿದ್ದಾರೆಂಬ ಆಕ್ಷೇಪ ಮಲೆನಾಡಿನ ಸಭೆಗಳಲ್ಲಿ ಜೋರಾಗಿ ಕೇಳಿಬಂದಿದೆ. ಆಕ್ಷೇಪದಲ್ಲಿ ಹುರುಳಿದ್ದೀತು, ಆದರೆ ಘೋಷಣೆ ಕೂಗಿದ ಊರುಗಳಲ್ಲಿ ತನ್ನ ತೋಟ, ಬೆಟ್ಟ, ಕಾನುಗಳ ನಕ್ಷೆಯನ್ನು ತಾನೇ ಮಾಡಿ ಮುಂದಿಟ್ಟ ಊರುಗಳು ವಿರಳ. ಅದೇ ಚುಕ್ಕೆಯೊಳಗೆ ಉಲ್ಟಾ ತಪ್ಪೂ ಅಡಗಿದೆಯೆಂಬುದನ್ನು ಯಾರೂ ಹೇಳುತ್ತಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿರುವಂಥ ರಾಮಪತ್ರೆ ಜಡ್ಡಿಗಳು ಹಳ್ಳದ ಗುಂಟ ಕೆಲವೇ ಮಾರು ಅಗಲಕ್ಕೆ ಹಬ್ಬಿದ ಜೌಗು ನೆಲ. ಮೇಲಿನಿಂದ ನೋಡಿದರೆ ಕಾಣುವುದು ಸುತ್ತಲಿನ ಕಾಡಿನ ಹಸಿರೇ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರಜಾತಿಯೊಂದು ಅಲ್ಲಿ ಇದೆಯೆಂದು ವಿಜ್ಞಾನಕ್ಕೆ ತಿಳಿದದ್ದು 2000ದಲ್ಲಿ, ಅದೂ ಕೆಸರಿನಲ್ಲಿ ಕಾಲಿಟ್ಟು ನಡೆದವರಿಂದ. ಇಂಥ ಜಡ್ಡಿಯೊಂದನ್ನು ತೋಟಕ್ಕೋ ಗದ್ದೆಗೋ ಬಸಿದುಬಿಟ್ಟರೆ ಉಪಗ್ರಹಕ್ಕೆ ತಿಳಿಯದು; ಕೆಳಗಿನ ಮನೆಯ ಬೇಸಿಗೆಯ ನೀರಿಗೆ ತಿಳಿಯುತ್ತದೆ.

ದಾಖಲೆ ಮಾಡುವ ಕ್ರಮದ ಬಗೆಗೂ ಕೆಲವು ಮಾತು ಅಗತ್ಯ. ಉಪಕರಣವನ್ನು ಚಾಲೂ ಮಾಡಿದೊಡನೆ ಹೊರಡಬಾರದು. ತೆರೆದ ಜಾಗದಲ್ಲಿ ಕೆಲವು ನಿಮಿಷ ಇಟ್ಟು ಅದು ಸ್ಥಿರಗೊಳ್ಳಲು ಬಿಡಬೇಕು. ನಡಿಗೆಗೆ ಐದು ಸೆಕೆಂಡಿಗೊಂದು ಬಿಂದು ಸಾಕು. ಗಡಿಯ ಮೂಲೆಗಳಲ್ಲಿ ಎರಡು ಮೂರು ನಿಮಿಷ ನಿಂತು, ಇಡೀ ಗಡಿಯನ್ನು ಇನ್ನೊಂದು ದಿನ ಎದುರು ದಿಕ್ಕಿನಿಂದ ಸುತ್ತಿದರೆ ಎರಡು ಗೆರೆಗಳ ನಡುವಿನ ಅಂತರವೇ ತಪ್ಪಿನ ಅಳತೆಯನ್ನು ಹೇಳುತ್ತದೆ. ಊಟಕ್ಕೆ ಕುಳಿತಾಗ ದಾಖಲೆಯನ್ನು ನಿಲ್ಲಿಸದಿದ್ದರೆ ಕುಳಿತಲ್ಲೇ ಉಪಕರಣ ಜೇಡರ ಬಲೆಯಂಥ ಗೆರೆ ಎಳೆದು ದಾರಿಯ ಉದ್ದವನ್ನು ಹಿಗ್ಗಿಸಿಬಿಡುತ್ತದೆ.

ಅಂಕಿ ಬರೆಯುವಾಗ ಆಗುವ ತಪ್ಪು ಇನ್ನೂ ದೊಡ್ಡದು. 13 ಡಿಗ್ರಿ 45 ನಿಮಿಷ 30 ಸೆಕೆಂಡ್ ಎಂಬುದು ದಶಾಂಶದಲ್ಲಿ 13.7583, ಅದನ್ನು 13.4530 ಎಂದು ಬರೆದವನ ಕಾನು 34 ಕಿಲೋಮೀಟರ್ ದಕ್ಷಿಣಕ್ಕೆ ಹಾರಿಹೋಗುತ್ತದೆ. ಅಕ್ಷಾಂಶ ರೇಖಾಂಶ ಅದಲುಬದಲಾದರಂತೂ ಮಲೆನಾಡಿನ ಊರು ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಮುಳುಗುತ್ತದೆ. ಸರ್ವೆ ಇಲಾಖೆಯ ಹಳೆಯ ಭೂಪಟಗಳು ಎವರೆಸ್ಟ್ ಮಾನಕದಲ್ಲಿ ರಚಿತವಾದವು. ಜಿಪಿಎಸ್ ಬಳಸುವ ಮಾನಕ ಬೇರೆ. ಇವೆರಡನ್ನು ಹೊಂದಿಸದೆ ಒಂದರ ಮೇಲೊಂದು ಇಟ್ಟರೆ ಗಡಿ ನೂರಾರು ಅಡಿ ಸರಿದಂತೆ ಕಾಣುತ್ತದೆ, ಇಲ್ಲದ ವ್ಯಾಜ್ಯ ಹುಟ್ಟುತ್ತದೆ. ಕಾಲೇಜಿನಲ್ಲಿ ಓದುವ ಊರಿನ ಮಕ್ಕಳು ತಮ್ಮ ವಿದ್ಯೆಯನ್ನು ಊರಿಗೆ ತೋರಿಸಬೇಕಾದ ಸ್ಥಳ ಇದು.

ಉಪಕರಣದ ಜೊತೆಗೆ ಒಂದು ಪುಸ್ತಕ ಇರಲೇಬೇಕು. ಬಿಂದುವಿನ ಸಂಖ್ಯೆ, ತಾರೀಖು, ಜಾಗದ ಹೆಸರು, ಹೆಸರು ಹೇಳಿದ ಹಿರಿಯರು, ಜೊತೆಗಿದ್ದವರ ಸಹಿ. ಬಿಂದುವಿಗೆ ‘ಎಲ್ಲಿ’ ಎಂಬುದು ಗೊತ್ತು. ಯಾರದು, ಯಾತಕ್ಕೆ, ಎಂದಿನಿಂದ ಎಂಬುದನ್ನು ಬರೆಯಬೇಕಾದವರು ಮನುಷ್ಯರೇ. ಈ ನಡಿಗೆಗೆ ಹೆಂಗಸರನ್ನು ಕರೆಯದ ಊರು ಅರ್ಧ ನಕ್ಷೆಯನ್ನು ಮಾತ್ರ ಪಡೆಯುತ್ತದೆ: ದರಕಿನ ಜಾಗ, ಬೇಸಿಗೆಯಲ್ಲೂ ಬತ್ತದ ಒರತೆ, ಮುರುಗಲು ಉಪ್ಪಾಗೆಯ ಮರಗಳು ಅವರಿಗೆ ತಿಳಿದಷ್ಟು ಗಂಡಸರಿಗೆ ತಿಳಿದಿರುವುದಿಲ್ಲ. ನಕ್ಷೆ ರಚನೆಗೆ ಪೂರ್ವಾನುಮತಿ ಬೇಕೆಂಬ ಕಟ್ಟಳೆಯನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ಸಡಿಲಿಸಿರುವುದರಿಂದ ಆ ಅಳುಕು ಬೇಡ. ಆದರೆ ಅಭಯಾರಣ್ಯದೊಳಗೆ ಕಾಲಿಡಲು ಬೇಕಾದ ಅನುಮತಿಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಪಡೆದೇ ಹೋಗಬೇಕು.

ದಾಖಲಿಸಿದ್ದೆಲ್ಲವೂ ಪ್ರಕಟಿಸಬೇಕಾದದ್ದಲ್ಲ. ಉಪಗ್ರಹಗಳಿಗೆ ಕೆಳಗೆ ಕೇಳುವವರ ಸುಳಿವೇ ಇರುವುದಿಲ್ಲ. ಸುಳಿವು ಬಿಟ್ಟುಕೊಡುವುದು ದಾಖಲೆಯನ್ನು ಊರೂರಿಗೆ ಹಂಚುವ ಉತ್ಸಾಹ. 2013ರಲ್ಲಿ ಮಧ್ಯಪ್ರದೇಶದ ಪನ್ನಾದಲ್ಲಿ ಹುಲಿಯೊಂದರ ಕೊರಳಪಟ್ಟಿಯಿಂದ ನೆಲೆಯ ಮಾಹಿತಿ ಬರುತ್ತಿದ್ದ ಇ-ಮೇಲ್ ಖಾತೆಯನ್ನು ಹೊರಗಿನವರಾರೋ ತೆರೆಯಲು ಯತ್ನಿಸಿದ್ದು ಸುದ್ದಿಯಾಗಿತ್ತು. ಶ್ರೀಗಂಧದ ಕಳ್ಳನಿಗೆ, ಏಕನಾಯಕದ ಬೇರು ಅಗೆಯುವವನಿಗೆ ದಶಾಂಶದ ನಾಲ್ಕು ಸ್ಥಾನಗಳು ಸಿಕ್ಕರೆ ಅವನು ಮರದಿಂದ ಹತ್ತು ಹನ್ನೊಂದು ಮೀಟರಿನೊಳಗೆ ಬಂದು ನಿಲ್ಲುತ್ತಾನೆ, ದಾರಿ ಕೇಳುವ ಗೋಜೂ ಇಲ್ಲದೆ. ಕಾಲುದಾರಿ, ಕೆರೆ, ಗೋಮಾಳ, ಕಾನಿನ ಹೊರಗಡಿ ಇವನ್ನು ಗ್ರಾಮಸಭೆಯ ಗೋಡೆಗೆ ತೂಗುಹಾಕಬಹುದು. ಜೇನುಮರ, ಗಂಧದ ಮರ, ಔಷಧಿ ಬೇರಿನ ಜಾಗ, ಬನದ ಒಳಗಿನ ಕಲ್ಲು ಇವು ಯಾವ ಮೊಬೈಲಿನಲ್ಲಿಯೂ ಉಳಿಯಬಾರದು. ಪುಸ್ತಕದಲ್ಲಿ ಅಂಥ ಜಾಗಗಳ ಹೆಸರಿನ ಎದುರು ಅಂಕಿಯ ಮನೆಯನ್ನು ಖಾಲಿ ಬಿಟ್ಟು, ತೋರಿಸಿಕೊಡಬಲ್ಲ ಇಬ್ಬರ ಹೆಸರನ್ನು, ಒಬ್ಬರು ಹಿರಿಯರು ಒಬ್ಬರು ಕಿರಿಯರಾಗಿರುವಂತೆ, ಬರೆದಿಟ್ಟರಾಯಿತು.